ಕಾರ್ ಕಿಟ್‌ ಜೋಡಿಸಲು ಟಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್
1/24 ಅಳತೆಯ (ನಿಜವಾದ ಕಾರಿಗಿಂತ 24 ಪಟ್ಟು ಚಿಕ್ಕ) ಪ್ಲಾಸ್ಟಿಕ್ ಮಾದರಿ ಕಾರ್ ಕಿಟ್ ಜೋಡಿಸುವವರ ಮೇಜಿನ ಮೇಲೆ ಹಸಿರು ಮುಚ್ಚಳದ ಈ 40 ಮಿ.ಲೀ. ಅಂಟಿನ ಬಾಟಲಿ ಇರಲೇಬೇಕು. ಎರಡು ಭಾಗಗಳನ್ನು ಒತ್ತಿ ಹಿಡಿದು, ಮುಚ್ಚಳದಲ್ಲೇ ಇರುವ ಸಣ್ಣ ಬ್ರಷ್ಷನ್ನು ಸಂದಿಗೆ ತಾಗಿಸಿದರೆ ಸಾಕು, ದ್ರವ ತಾನೇ ಸಂದಿಯುದ್ದಕ್ಕೂ ಓಡಿ ಎರಡೂ ಬದಿಯ ಪ್ಲಾಸ್ಟಿಕ್ ಕರಗಿಸಿ ಒಂದೇ ತುಂಡು ಮಾಡುತ್ತದೆ. ಎಂಜಿನ್ ಬ್ಲಾಕಿನ ಎರಡು ಅರ್ಧಗಳನ್ನು ಸೇರಿಸಿ, ಒಂದು ದಿನ ಒಣಗಲು ಬಿಟ್ಟು ಉಜ್ಜಿದರೆ ಗೆರೆಯೇ ಮಾಯ. ಆ ಖುಷಿಯೇ ಬೇರೆ ಅಲ್ವಾ! ಆದರೆ ಕ್ರೋಮ್ ಬಂಪರ್ ಅಂಟಿಸುವ ಮುಂಚೆ ಅಂಟುವ ಜಾಗದ ಕ್ರೋಮ್ ಕೆರೆದುಕೊಳ್ಳಿ, ಬಣ್ಣ ಬಳಿದ ಭಾಗಕ್ಕೂ ಅಷ್ಟೇ, ಇಲ್ಲದಿದ್ದರೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಕಾರಿನ ಕಿಟಕಿಯ ಪಾರದರ್ಶಕ ಗಾಜಿಗೆ ಬೇಡವೇ ಬೇಡ, ಅದಕ್ಕೆ ಫೆವಿಕಾಲ್‌ನಂಥ ಬಿಳಿ ಪಿವಿಎ ಅಂಟೇ ಸರಿ. ರೆಸಿನ್ ಚಕ್ರ, ಲೋಹದ ಬಿಡಿಭಾಗ ಹಾಕಿ ಕಾರಿನ ರೂಪ ಬದಲಿಸುವವರು ಸೂಪರ್ ಗ್ಲೂ ಬೇರೆ ಇಟ್ಟುಕೊಳ್ಳಬೇಕು, ಅವನ್ನು ಈ ಅಂಟು ಹಿಡಿಯುವುದಿಲ್ಲ. ಈ ಸಿಮೆಂಟ್‌ನ ವಾಸನೆ ಜಾಸ್ತಿ, ಕೋಣೆಯ ಕಿಟಕಿ ತೆರೆದಿಡಿ.