ಪೆಟ್ಟಿಗೆಯ 84 ಗ್ರಾಂ: ನನ್ನ ಹೊಸ ತಕ್ಕಡಿಯ ಬಗ್ಗೆ

ನವೆಂಬರ್ ಕೊನೆಯಿಂದ ಕ್ರಿಸ್ಮಸ್‌ವರೆಗೆ ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ಎಣ್ಣೆಯ ಬಾಣಲೆ ಒಲೆಯಿಂದ ಇಳಿಯುವುದಿಲ್ಲ. ಕಿಡಿಯೊ, ನೆವ್ರಿಯೊ, ಗುಳಿಯೊ, ತುಕ್ಡಿ, ಕೊಕ್ಕಿಸ್ ಎಲ್ಲ ಸೇರಿದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡಿ ಮಾರುವುದು ನನ್ನ ಹನ್ನೊಂದು ವರ್ಷದ ಕಸುಬು. ಈ ಸಲ ಹತ್ತು ಕಿಲೊ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು 2,650 ರೂಪಾಯಿ ಕೊಟ್ಟು ತಂದೆ. ಒಂದು ಸೀಸನ್ ಪೂರ್ತಿ ದುಡಿಸಿಕೊಂಡು ಈಗ ಬರೆಯುತ್ತಿದ್ದೇನೆ.

ಒಂದೊಂದು ಗ್ರಾಂ ತೋರಿಸುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಕರೆಂಟ್ ಹೋದ ಸಂಜೆಯೂ ಕೆಲಸ ನಿಲ್ಲುವುದಿಲ್ಲ. ತಟ್ಟೆ ಸ್ಟೀಲಿನದು, ಸಕ್ಕರೆ ಪಾಕ ಅಂಟಿದರೂ ಒರೆಸಿದರೆ ಹೋಗುತ್ತದೆ. ಫ್ಯಾನ್ ಕೆಳಗಿಟ್ಟರೆ ಮಾತ್ರ ಕೊನೆಯ ಅಂಕಿ ಕುಣಿಯುತ್ತದೆ. ಎಣ್ಣೆ ಬೆರಳು ತಾಗಿ ಗುಂಡಿಗಳ ಮೇಲಿನ ಅಕ್ಷರ ತಿಂಗಳಲ್ಲೇ ಮಾಸಿದವು, ಇದು ನ್ಯೂನತೆಯೇ. ಮಾರುವವರು ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ಇರುವ ತಕ್ಕಡಿಯನ್ನೇ ಕೊಳ್ಳಬೇಕು, ಆ ಮುದ್ರೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು. ನನ್ನ ಹಳೆಯ ಮುಳ್ಳಿನ ಪ್ಲಾಸ್ಟಿಕ್ ತಕ್ಕಡಿಗೆ ಅದಾವುದೂ ಇರಲಿಲ್ಲ.

ಅಂಗಡಿಯ ಹುಡುಗ ಎಲ್ಲ ಗುಂಡಿಗಳನ್ನೂ ವಿವರಿಸಿದ, ‘ಟೇರ್’ ಒಂದನ್ನು ಬಿಟ್ಟು. ಕೇಳಿದಾಗ, “ಅದು ಪೆಟ್ಟಿಗೆಯ ತೂಕ ಕಳೆಯುವುದಕ್ಕೆ ಮೇಡಂ, ಯಾರೂ ಒತ್ತುವುದಿಲ್ಲ” ಎಂದು ನಕ್ಕ. ನಾನೂ ನಕ್ಕೆ.

ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಎರಡನೇ ವಾರ, ಕುಮ್ಸಾರಿಗೆ, ಅಂದರೆ ಫಾದರ್ ಬಳಿ ಪಾಪ ಒಪ್ಪಿಕೊಳ್ಳಲು, ಹೋಗುವ ಮೊದಲಿನ ರಾತ್ರಿ. ಬೈಬಲಿನ ಹತ್ತು ಆಜ್ಞೆಗಳ ಪ್ರಕಾರ ನಮ್ಮನ್ನೇ ನಾವು ಕೇಳಿಕೊಳ್ಳುವ ಪ್ರಶ್ನೆಗಳಿರುವ ಚೀಟಿಯೊಂದು ನಮ್ಮ ಕಥೋಲಿಕ ಪ್ರಾರ್ಥನೆ ಪುಸ್ತಕದೊಳಗೆ ಎಷ್ಟೋ ವರ್ಷಗಳಿಂದ ಇದೆ. ನಾನು ಯಾವಾಗಲೂ ಒಂದೇ ದಾರಿಯಲ್ಲಿ ಹೋಗುವವಳು: ತಂದೆತಾಯಿಯನ್ನು ಗೌರವಿಸು ಎಂಬ ನಾಲ್ಕನೆಯದರಲ್ಲಿ ಅತ್ತೆಯೊಡನೆ ಆಡಿದ ಜಗಳ, ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯದರಲ್ಲಿ ಚಾಡಿಮಾತು, ಮುಗಿಯಿತು. ದೇವರ ದಿನವನ್ನು ಪವಿತ್ರವಾಗಿ ಆಚರಿಸು ಎಂಬ ಮೂರನೆಯದನ್ನು ಕೇಳಬೇಡಿ, ಆದಿತ್ಯವಾರ ಪೂಜೆ ಮುಗಿಸಿ ಬಂದವಳು ನೇರ ಬಾಣಲೆಯ ಮುಂದೆ ನಿಲ್ಲುತ್ತೇನೆ. ಏಳನೆಯದು, ಕದಿಯಬೇಡ. ಅದರ ಕೆಳಗೆ ಅಳತೆ ತೂಕದಲ್ಲಿ ಮೋಸ ಮಾಡಿದೆಯಾ ಎಂಬ ಪ್ರಶ್ನೆ. ನಾನೇನು ಕಳ್ಳಿಯೇ? ಪ್ರತಿ ವರ್ಷ ದಾಟಿ ಹೋಗುತ್ತಿದ್ದೆ. (ಬಲ್ಮಠದ ನನ್ನ ಸಿ.ಎಸ್.ಐ. (ಪ್ರೊಟೆಸ್ಟಂಟ್) ಗೆಳತಿಗೆ ಅದು ಎಂಟನೆಯದು. ವಿಗ್ರಹದ ಮಾತನ್ನು ಅವರು ಬೇರೆ ಆಜ್ಞೆಯಾಗಿ ಎಣಿಸುತ್ತಾರೆ.)

ಪಕ್ಕದಲ್ಲೇ ತಕ್ಕಡಿ ಇತ್ತು. ಸುಮ್ಮನೆ ಕುತೂಹಲಕ್ಕೆ ಖಾಲಿ ಪೆಟ್ಟಿಗೆಯನ್ನು ಇಟ್ಟು ಟೇರ್ ಒತ್ತಿದೆ. ಸೊನ್ನೆಗೆ ಬಂತು. ಪೆಟ್ಟಿಗೆ ಎತ್ತಿದೆ. ಕೆಂಪು ಅಂಕಿಯಲ್ಲಿ ಮೈನಸ್ 84. ಕೈ ಒರೆಸಿಕೊಂಡು ಬಂದು ನೋಡಿದರೂ ಮೈನಸ್ 84. ಕೊಕ್ಕಿಸ್ ಹಗುರ, ಒತ್ತಿ ತುಂಬಿದರೆ ಮುರಿಯುತ್ತದೆ ಎಂದು ದೊಡ್ಡ ದಪ್ಪ ಪೆಟ್ಟಿಗೆಯನ್ನು ಆರಿಸಿದವಳು ನಾನೇ. ಅರ್ಧ ಕಿಲೊ ಎಂದು ಕೊಟ್ಟದ್ದರಲ್ಲಿ ತಿನ್ನುವುದು 416 ಗ್ರಾಂ. ಹದಿನಾಲ್ಕು ರೂಪಾಯಿಯ ರಟ್ಟನ್ನು ಕಿಲೊಗೆ 600ರ ದರದಲ್ಲಿ ಐವತ್ತು ರೂಪಾಯಿಗೆ ಮಾರಿದ್ದೆ.

ಪ್ಯಾಕ್ ಮಾಡಲು ಬರುವ ಹುಡುಗಿ ಹಿಂದಿನ ವರ್ಷವೇ ಕೇಳಿದ್ದಳು, “ಬಾಯಮ್ಮಾ, ಪೆಟ್ಟಿಗೆಗೂ ದುಡ್ಡು ತೆಗೆದುಕೊಳ್ಳುವುದೇ?” ಎಂದು. ಕೆಲಸ ನೋಡು ಎಂದಿದ್ದೆ.

ಹೋದ ವರ್ಷದ ಆರ್ಡರ್ ಪುಸ್ತಕ ತೆಗೆದೆ. 46 ಪೆಟ್ಟಿಗೆ, 3 ಕಿಲೊ 864 ಗ್ರಾಂ, 2,318 ರೂಪಾಯಿ. ಅದಕ್ಕೂ ಹಿಂದಿನ ವರ್ಷಗಳ ಪುಸ್ತಕಗಳು ಗುಜರಿಗೆ ಹೋಗಿದ್ದವು, ಆ ರಾತ್ರಿ ಅದು ದೊಡ್ಡ ಸಮಾಧಾನವಾಗಿತ್ತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಅತ್ತೆಯವರು, “ಪೇಟೆಯಲ್ಲಿ ಎಲ್ಲರೂ ಹೀಗೆಯೇ ತೂಗುತ್ತಾರೆ, ನಿನಗೊಬ್ಬಳಿಗೇನು?” ಎಂದರು. ಮೋಸದ ತ್ರಾಸು ದೇವರಿಗೆ ಅಸಹ್ಯ ಎಂದು ಬೈಬಲಿನ ಜ್ಞಾನೋಕ್ತಿಯಲ್ಲಿದೆ ಎಂದೆ. ನಾಲ್ಕನೆಯದಕ್ಕೆ ಮತ್ತೊಂದು ಸೇರಿತು.

ಫಾದರ್ ಬೈಯಲಿಲ್ಲ. ಕ್ಷಮೆ ಬೇರೆ, ತೆಗೆದುಕೊಂಡದ್ದನ್ನು ಮರಳಿಸುವುದು ಬೇರೆ, ಎರಡೂ ಆಗಬೇಕು ಎಂದರು. ಬೈಬಲಿನ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆಂದದ್ದು ನೆನಪಾಗಿ ಎದೆ ಧಸಕ್ಕೆಂದಿತು, 9,272 ರೂಪಾಯಿ! ಅವರು ಅಷ್ಟು ಕೇಳಲಿಲ್ಲ. ಈ ಸಲ ಮತ್ತೆ ಬಂದ ಗಿರಾಕಿಗಳಿಗೆಲ್ಲ ಪೆಟ್ಟಿಗೆಗೆ 84 ಗ್ರಾಂ ಲೆಕ್ಕದಲ್ಲಿ ಕಿಡಿಯೊ ಪೊಟ್ಟಣ ಕಟ್ಟಿಕೊಟ್ಟೆ. ಬಾರದವರ ಪಾಲಿನ ಹಣ ಬಡವರಿಗೆ ನೆರವಾಗುವ ಚರ್ಚಿನ ವಿನ್ಸೆಂಟ್ ದೆ ಪಾವ್ಲ್ ಸಭೆಯ ಡಬ್ಬಿಗೆ ಹೋಯಿತು. ಕುಸ್ವಾರಿನ ಬೆಲೆಯನ್ನು ಕಿಲೊಗೆ 640 ಮಾಡಿದ್ದೇನೆ, ಪೆಟ್ಟಿಗೆಯ ಖರ್ಚು ಅದರೊಳಗೇ ಬಂತು. ಇಬ್ಬರು ಗೊಣಗಿದರು.

ತಕ್ಕಡಿ ಕೊಳ್ಳಬಹುದೇ ಎಂದರೆ, ಕೊಳ್ಳಿ. ಗಿರಾಕಿಯ ಕಡೆಗೂ ಅಂಕಿ ತೋರಿಸುವುದನ್ನೇ ಕೇಳಿ ಪಡೆಯಿರಿ. ನನ್ನದರಲ್ಲಿ ಅದಿದೆ, ಆದರೆ ಮೊದಲೆರಡು ವಾರ ಆ ಬದಿಗೆ ಕೊಕ್ಕಿಸ್ ಡಬ್ಬ ಅಡ್ಡ ಇಟ್ಟಿದ್ದೆ.

ಪೊಟ್ಟಣ ಪಡೆದವರಲ್ಲಿ ಒಬ್ಬರು ಮಾತ್ರ ಅದನ್ನು ವಾಪಸು ಕೊಟ್ಟರು, ಸಕ್ಕರೆ ಕಾಯಿಲೆಯಂತೆ. ದುಡ್ಡು ಕೊಡಲು ಹೋದರೆ ಏಕೆ ಎಂದು ಕೇಳಿದರು. ಹೇಳಲು ಬಾಯಿ ಬರಲಿಲ್ಲ. ಅವರ ಹೆಸರಿನ ಮುಂದೆ 84 ಇನ್ನೂ ಹಾಗೆಯೇ ಇದೆ.