ಕುವೆಂಪುನಗರದಲ್ಲಿ ಮಾಗಿದ ಬಿನ್ 389

ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್ ಸಂಸ್ಥೆಯ ಬಿನ್ 389, ಕ್ಯಾಬರ್ನೆ ಸುವಿನ್ಯೋ ಮತ್ತು ಶಿರಾಜ್ ದ್ರಾಕ್ಷಿಗಳನ್ನು ಬೆರೆಸಿ 1960ರಿಂದ ತಯಾರಿಸುತ್ತಿರುವ ಕೆಂಪು ವೈನ್. ಅದು ಮಾಗುವ ಅಮೆರಿಕನ್ ಓಕ್ ಪೀಪಾಯಿಗಳಲ್ಲಿ ಕೆಲವು ಹಿಂದೆ ಅದೇ ಸಂಸ್ಥೆಯ ಹೆಸರಾಂತ ಗ್ರೇಂಜ್ ವೈನನ್ನು ತುಂಬಿಟ್ಟಿದ್ದವು. ನಾನು ತೆರೆದದ್ದು 2010ರ ಫಸಲಿನ ಬಾಟಲಿ.

ಇಂಥ ವೈನಿಗೆ 12ರಿಂದ 14 ಡಿಗ್ರಿಯ ಏರುಪೇರಿಲ್ಲದ ತಂಪು ಬೇಕು. ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಮನೆಯ ಅಟ್ಟ ಉಪ್ಪಿನಕಾಯಿ ಭರಣಿಗೆ ಸರಿಹೋದೀತೇ ಹೊರತು ಇದಕ್ಕಲ್ಲವಾದ್ದರಿಂದ, ವೈನಿಗೆಂದೇ ಒಂದು ಸಣ್ಣ ಫ್ರಿಜ್ ಕೊಂಡು, ಬಿರಡೆ ಒಣಗದಂತೆ ಬಾಟಲಿಯನ್ನು ಅಡ್ಡಲಾಗಿ ಮಲಗಿಸಿದ್ದೆ. ಆದರೂ ಮೊದಲ ವರ್ಷ ಬೀರುವಿನಲ್ಲಿ ನಿಲ್ಲಿಸಿಟ್ಟಿದ್ದ ನನ್ನ ತಪ್ಪಿಗೆ ಬಿರಡೆ ಎರಡು ತುಂಡಾಯಿತು.

ತಳದ ಗಷ್ಟು ಕದಡದಂತೆ ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಿದೆ. ಅಂಚಿನಲ್ಲಿ ಇಟ್ಟಿಗೆಯ ಕೆಂಪು. ಮೊದಲು ಹಳೆಯ ಸಾಗುವಾನಿ ಪೆಟ್ಟಿಗೆಯ ವಾಸನೆ, ಅರ್ಧ ಗಂಟೆಯ ಬಳಿಕ ಒಣದ್ರಾಕ್ಷಿ, ಹೊಗೆಸೊಪ್ಪು, ನೇರಳೆ. ನಾಲಿಗೆಯ ಮೇಲಿನ ಒಗರು ಪೂರ್ತಿ ಕರಗಿಲ್ಲ, ಆದರೆ ಈಗ ಚುಚ್ಚುವುದಿಲ್ಲ. ಬನ್ನೂರು ಕುರಿಯ ಮೆಣಸಿನ ಹುರುಕಲಿನೊಂದಿಗೆ ಚೆನ್ನಾಗಿ ಹೊಂದಿತು. ಹಸಿಮೆಣಸಿನಕಾಯಿಯ ಚಾಪ್ಸ್ ಮಾತ್ರ ರುಚಿಯನ್ನೇ ನುಂಗಿಹಾಕಿತು. ಇನ್ನೊಂದು ಬಾಟಲಿ ಉಳಿದಿದೆ, ಅದನ್ನು ಐದು ವರ್ಷ ಮುಟ್ಟುವುದಿಲ್ಲ.