ಕಾಣೆಯಾದವರ ಹುಡುಕಾಟ: ಬೋಸ್ನಿಯಾ ದಾರಿಯೋ, ಸೈಪ್ರಸ್ ದಾರಿಯೋ?

ಯುದ್ಧ ನಿಂತ ಮೇಲೆ ಕಾಣೆಯಾದವರನ್ನು ಹುಡುಕಲು ಹೊರಡುವ ಸರ್ಕಾರ ಈ ಎರಡನ್ನೂ ನೋಡಬೇಕು.

ಬೋಸ್ನಿಯಾದಲ್ಲಿ 1992–95ರ ಯುದ್ಧದಲ್ಲಿ ಸುಮಾರು 30,000 ಜನ ಕಾಣೆಯಾದರು. 1995ರಲ್ಲಿ ಸಾವಿರಾರು ಜನರ ಹತ್ಯಾಕಾಂಡ ನಡೆದ ಸ್ರೆಬ್ರೆನಿಕಾ ಪಟ್ಟಣದಲ್ಲಿ, ಕೊಂದವರು ಹೂತ ಹೆಣಗಳನ್ನು ಯಂತ್ರದಿಂದ ಅಗೆದು ಬೇರೆ ಕಡೆ ಸಾಗಿಸಿದ್ದರು. ಒಬ್ಬನದೇ ಮೂಳೆಗಳು ಎರಡು ಮೂರು ಗುಂಡಿಗಳಲ್ಲಿ ಸಿಕ್ಕವು. ಬಟ್ಟೆ, ವಾಚು ನೋಡಿ ಗುರುತು ಹಿಡಿಯೋದು ಆಗದ ಮಾತು, ಅಲ್ವಾ? ಮನೆಯವರ ಬೆರಳು ಚುಚ್ಚಿ ತೆಗೆದ ರಕ್ತದ ಹನಿಯನ್ನು ಮೂಳೆಯ ಡಿಎನ್‌ಎ ಜೊತೆ ತಾಳೆ ನೋಡಿದರು. ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಜನರ ಸುಳಿವು ಸಿಕ್ಕಿತು. ಆ ಪುರಾವೆ ಯುದ್ಧಾಪರಾಧ ವಿಚಾರಣೆ ನಡೆಸಿದ ಹೇಗ್ ನ್ಯಾಯಾಲಯಕ್ಕೂ ಹೋಯಿತು.

ಸೈಪ್ರಸ್ ದ್ವೀಪದಲ್ಲಿ ಗ್ರೀಕ್, ತುರ್ಕಿ ಸಮುದಾಯಗಳ ನಡುವಿನ 1960ರ ದಶಕದ ಗಲಭೆ ಮತ್ತು 1974ರ ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ಸಮಿತಿ ಹುಟ್ಟಿದ್ದು 1981ರಲ್ಲಿ, ದೊಡ್ಡ ಮಟ್ಟದ ಅಗೆತ ಶುರುವಾಗಿದ್ದು 2006ರಲ್ಲಿ. ಎಷ್ಟೋ ತಾಯಂದಿರು ಕಾಯುತ್ತಲೇ ಹೋದರು. ಪಟ್ಟಿಯಲ್ಲಿ ಗ್ರೀಕ್, ತುರ್ಕಿ ಎರಡೂ ಕಡೆಯ 2,002 ಹೆಸರು. ಡಿಎನ್‌ಎ ಇಲ್ಲೂ ಇದೆ. ಆದರೆ ಯಾರು ಕೊಂದರು ಅಂತ ಸಮಿತಿ ಕೇಳುವುದಿಲ್ಲ. ಹಾಗಾಗಿ ಸಾಕ್ಷಿಗಳು ಜಾಗ ತೋರಿಸಲು ಅಷ್ಟು ಹೆದರಬೇಕಿಲ್ಲ.

ಊರಿನವರು ಬಾಯಿ ಬಿಡದ ಕಡೆ ಸೈಪ್ರಸ್ ದಾರಿ ಹಿಡಿಯಬಹುದು. ನನ್ನನ್ನು ಕೇಳಿದರೆ ಬೋಸ್ನಿಯಾದ್ದೇ ಮೇಲು, ಮನೆಯವರಿಗೆ ಮೂಳೆಯ ಜೊತೆ ನ್ಯಾಯವೂ ಬೇಕು. ಯಾವುದೇ ಆಗಲಿ, ರಕ್ತದ ಮಾದರಿಯನ್ನು ಮೊದಲ ವರ್ಷವೇ ತೆಗೆದಿಡಿ.